ಕಣ್ಣುಂಟು, ಪಾಶವೆಲ್ಲಿ?

ವೇದದ ವರುಣನ ಕೈಯಲ್ಲಿ ಎರಡು ಅಧಿಕಾರಗಳಿದ್ದವು. ಒಂದು ನೋಡುವುದು, ಇನ್ನೊಂದು ಕಟ್ಟುವುದು. ಋಗ್ವೇದದ ಮೊದಲ ಮಂಡಲದಲ್ಲಿ ಶುನಃಶೇಪನ ಹೆಸರಿನಲ್ಲಿರುವ ಸೂಕ್ತವೊಂದರ ಪ್ರಕಾರ ಬಾನಿನಲ್ಲಿ ಹಾರುವ ಹಕ್ಕಿಯ ಜಾಡೂ ಕಡಲ ಮೇಲಿನ ಹಡಗಿನ ಜಾಡೂ ಅವನಿಗೆ ಗೊತ್ತು. ಅಥರ್ವವೇದದ ನಾಲ್ಕನೆಯ ಕಾಂಡದ ವರುಣಸೂಕ್ತದಲ್ಲಿ ಅವನ ಚಾರರು ಬಾನಿನಿಂದ ಹೊರಟು ಸಾವಿರ ಕಣ್ಣುಗಳಿಂದ ಭೂಮಿಯನ್ನು ಜಾಲಾಡುತ್ತಾರೆ. ಇಬ್ಬರೇ ಕೂತು ಆಡಿದ ಗುಟ್ಟಿನ ಮಾತಿಗೂ ಅವನೇ ಮೂರನೆಯವನು. ಆ ಕಣ್ಣಿಗೆ ಬಿದ್ದ ತಪ್ಪುಗಾರ ಪಾಶಕ್ಕೂ ಬಿದ್ದಂತೆಯೇ. ಪುರಾಣಗಳ ಕಾಲಕ್ಕೆ ಈ ದೇವರ ಅಧಿಕಾರ ಕುಗ್ಗಿತು, ಪಶ್ಚಿಮ ದಿಕ್ಕಿಗೂ ಕಡಲಿಗೂ ಒಡೆಯನಾಗಿ ಉಳಿದ. ನಮ್ಮ ಕಾಲದಲ್ಲಂತೂ ಮಳೆ ಕೈಕೊಟ್ಟಾಗ ಮಾತ್ರ ನೆನಪಾಗುತ್ತಾನೆ. ಆದರೆ ಕಡಲನ್ನು ಮೇಲಿನಿಂದ ಕಾಯುವ ಚಾರರು ಈಗ ನಿಜಕ್ಕೂ ಇದ್ದಾರೆ, ಅವರನ್ನು ಕಳಿಸಿದವರು ಮನುಷ್ಯರು. ಸಮುದ್ರದಲ್ಲಿ ತೇಲುವ ಪ್ಲಾಸ್ಟಿಕ್ ಕಸವನ್ನು ಉಪಗ್ರಹಗಳಿಂದ ಪತ್ತೆಹಚ್ಚಿ ನಿಗಾ ಇಡುವ ಕೆಲಸ ಕಳೆದ ಹತ್ತು ವರ್ಷಗಳಲ್ಲಿ ಒಂದು ವಿಜ್ಞಾನವಾಗಿಯೇ ಬೆಳೆದಿದೆ. ಇಲ್ಲಿ ತಾಂತ್ರಿಕ ಪ್ರಶ್ನೆಗಳು ಬೇಕಾದಷ್ಟಿವೆ. ಅವುಗಳ ಅಡಿಯಲ್ಲಿ ಒಂದು ಧರ್ಮದ ಪ್ರಶ್ನೆಯೂ ಇದೆ. ಹೀಗೆ ದೂರದಿಂದ ಕಂಡದ್ದು ಯಾರನ್ನಾದರೂ ಕಟ್ಟುತ್ತದೆಯೇ? ಕಟ್ಟುವುದಾದರೆ ಯಾರನ್ನು, ಯಾವ ಬಗೆಯ ಹಗ್ಗದಿಂದ?

ಮೊದಲು ಈ ಕಣ್ಣಿಗೆ ಏನು ಕಾಣುತ್ತದೆ ಎಂಬುದು ಖಚಿತವಾಗಬೇಕು. ಯುರೋಪಿನ ಬಾಹ್ಯಾಕಾಶ ಸಂಸ್ಥೆ 2015ರಿಂದ ಹಾರಿಸುತ್ತ ಬಂದ ಸೆಂಟಿನೆಲ್-2 ಉಪಗ್ರಹಗಳ ಜೋಡಿ 786 ಕಿಲೋಮೀಟರ್ ಎತ್ತರದಿಂದ ನೋಡುತ್ತದೆ. ಒಂದೇ ಜಾಗವನ್ನು ಸುಮಾರು ಐದು ದಿನಕ್ಕೊಮ್ಮೆ ನೋಡುತ್ತದೆ, ಅದರ ಅತಿ ಸೂಕ್ಷ್ಮ ಪಿಕ್ಸೆಲ್ ಎಂದರೆ ನೆಲದ ಮೇಲೆ ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಚೌಕ. ಸ್ಪೇನಿನ ಕಾಡಿಜ್ ವಿಶ್ವವಿದ್ಯಾಲಯದ ಆಂದ್ರೆಸ್ ಕೋಜಾರ್ ಮತ್ತು ಸಂಗಡಿಗರು ಈ ಜೋಡಿ ತೆಗೆದ ಸುಮಾರು ಮೂರು ಲಕ್ಷ ಚಿತ್ರಗಳನ್ನು ಜಾಲಾಡಿ, ಮೆಡಿಟರೇನಿಯನ್ ಸಮುದ್ರದಲ್ಲಿ ಆರು ವರ್ಷಗಳ ಅವಧಿಯ 14 ಸಾವಿರಕ್ಕೂ ಹೆಚ್ಚು ಕಸದ ಸಾಲುಗಳನ್ನು ಗುರುತಿಸಿದರು. ಫಲಿತಾಂಶ 2024ರಲ್ಲಿ ಪ್ರಕಟವಾಯಿತು. ಪ್ರವಾಹಗಳು ಎದುರುಬದುರಾಗುವಲ್ಲಿ ತೇಲುವ ವಸ್ತುವೆಲ್ಲ ಒತ್ತೊತ್ತಾಗಿ ಸೇರಿ ಉದ್ದನೆಯ ಪಟ್ಟಿಯಾಗುತ್ತದೆ, ಉಪಗ್ರಹಕ್ಕೆ ಸಿಕ್ಕುವುದು ಆ ಪಟ್ಟಿ. ದೊಡ್ಡ ಮಳೆಯ ನಂತರ ನದೀಮುಖಗಳ ಬಳಿ ಇವು ಹೆಚ್ಚುತ್ತವೆ ಎಂಬುದೂ ಅಲ್ಲಿ ಕಂಡಿತು. ಮೆಡಿಟರೇನಿಯನ್ನೇ ಏಕೆ ಎಂದು ಕೇಳಿದರೆ ಉತ್ತರ ಸರಳ. ಈ ಉಪಗ್ರಹಗಳನ್ನು ನೆಲವನ್ನು ನೋಡಲೆಂದು ಕಟ್ಟಿದ್ದು. ಕರಾವಳಿಯಿಂದ ಇಪ್ಪತ್ತು ಕಿಲೋಮೀಟರ್ ಆಚೆಗೆ ಅವು ನಿಯಮಿತವಾಗಿ ಚಿತ್ರ ತೆಗೆಯುವುದಿಲ್ಲ, ಮೆಡಿಟರೇನಿಯನ್ ಅದಕ್ಕೆ ಅಪವಾದ. ವರುಣನ ಚಾರರು ಎಲ್ಲ ಕಡೆ ನೋಡುತ್ತಿದ್ದರು. ನಮ್ಮ ಚಾರರು ತಮ್ಮನ್ನು ಸಾಕುವವರ ಮನೆಯಂಗಳವನ್ನು ಮೊದಲು ನೋಡುತ್ತಾರೆ.

ಆ ಪಟ್ಟಿ ಪ್ಲಾಸ್ಟಿಕ್ಕಿನದು ಎಂದು ಉಪಗ್ರಹ ಕಂಡಿತೆ? ಇಲ್ಲ. ಅದಕ್ಕೆ ಕಂಡದ್ದು ಬೆಳಕು. ನೀರು ಅವಗೆಂಪು ಬೆಳಕನ್ನು ಬಹುಪಾಲು ಹೀರಿಕೊಳ್ಳುತ್ತದೆ, ಮೇಲೆ ತೇಲುವ ವಸ್ತು ಅದನ್ನು ಮರಳಿ ಕಳಿಸುತ್ತದೆ. ಕಪ್ಪಾಗಿರಬೇಕಾದ ಚೌಕ ಒಂದಿಷ್ಟು ಬೆಳಗಿದರೆ ಏನೋ ತೇಲುತ್ತಿದೆ ಎಂದಾಯಿತು. ಅದು ಪಾಚಿಯೋ, ನೊರೆಯೋ, ಮರದ ತುಂಡುಗಳೋ, ಬಾಟಲಿಗಳೋ ಎಂಬುದನ್ನು ಬೇರೆಬೇರೆ ಬಣ್ಣಗಳ ಪ್ರಮಾಣ ಹೋಲಿಸಿ ತೀರ್ಮಾನಿಸಬೇಕು. ನ್ಯಾಯಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಇದು ಪ್ರತ್ಯಕ್ಷವಲ್ಲ, ಅನುಮಾನ. ಬೆಟ್ಟದ ಮೇಲೆ ಹೊಗೆ ಕಂಡು ಬೆಂಕಿಯನ್ನು ತಿಳಿಯುವ ಜಾತಿಯ ಜ್ಞಾನ. ಆ ತರ್ಕಕ್ಕೆ ಹೊಗೆಯೂ ಬೆಂಕಿಯೂ ಒಟ್ಟಿಗಿರುವುದನ್ನು ಕಣ್ಣಾರೆ ಕಂಡ ಒಂದು ದೃಷ್ಟಾಂತ ಬೇಕು. ನೈಯಾಯಿಕರು ಅಡುಗೆಮನೆಯನ್ನು ತೋರಿಸುತ್ತಿದ್ದರು. ಇಲ್ಲಿಯ ಅಡುಗೆಮನೆ ಗ್ರೀಸಿನ ಲೆಸ್ವೋಸ್ ದ್ವೀಪದ ಕರಾವಳಿ. ಏಜಿಯನ್ ವಿಶ್ವವಿದ್ಯಾಲಯದ ಕಾನ್‌ಸ್ಟಾಂಟಿನೋಸ್ ಟೊಪೊಜೆಲಿಸ್ ತಂಡ 2018ರಿಂದ ಅಲ್ಲಿ ಬಾಟಲಿ, ಚೀಲ, ಮೀನುಬಲೆಗಳನ್ನು ಚೌಕಟ್ಟಿಗೆ ಬಿಗಿದು ತೇಲಿಬಿಟ್ಟು, ಉಪಗ್ರಹ ಹಾದುಹೋಗುವ ಗಳಿಗೆಗೆ ಕಾದು, ಪ್ಲಾಸ್ಟಿಕ್ಕಿನ ಬೆಳಕು ಹೇಗಿರುತ್ತದೆ ಎಂದು ದಾಖಲಿಸಿತು. ಆ ಮಾಹಿತಿಯನ್ನೂ 2019ರ ನೆರೆಯ ನಂತರ ದಕ್ಷಿಣ ಆಫ್ರಿಕಾದ ಡರ್ಬನ್ ಬಂದರಿನಲ್ಲಿ ತೇಲಿದ ಕಸದ ಚಿತ್ರಗಳನ್ನೂ ಬಳಸಿಕೊಂಡು ಪ್ಲಿಮತ್ ಸಾಗರ ಪ್ರಯೋಗಾಲಯದ ಲಾರೆನ್ ಬಿಯರ್‌ಮನ್ ತಂಡ 2020ರಲ್ಲಿ ಒಂದು ಸೂಚ್ಯಂಕವನ್ನು ಮುಂದಿಟ್ಟಿತು. ಅವರ ವಿಂಗಡಣೆ ಶೇಕಡ 86ರಷ್ಟು ಸರಿಯಿತ್ತು. ಅನುಮಾನಕ್ಕೆ ಇದು ಒಳ್ಳೆಯ ಅಂಕ.

ಅನುಮಾನ ಎಲ್ಲಿ ಎಡವುತ್ತದೆ ಎಂಬುದಕ್ಕೂ ಈ ಕ್ಷೇತ್ರದಲ್ಲೇ ಚೊಕ್ಕವಾದ ಉದಾಹರಣೆಯಿದೆ. ಚಂಡಮಾರುತಗಳ ಗಾಳಿಯನ್ನು ಅಳೆಯಲು ನಾಸಾ 2016ರ ಡಿಸೆಂಬರಿನಲ್ಲಿ ಸಿಗ್‌ನಸ್ ಎಂಬ ಎಂಟು ಪುಟ್ಟ ಉಪಗ್ರಹಗಳನ್ನು ಹಾರಿಸಿತು. ಅವುಗಳ ಮಾಹಿತಿಯನ್ನು ಗಾಳಿಯ ಲೆಕ್ಕಕ್ಕೆ ಹೋಲಿಸಿದರೆ ಕೆಲವೆಡೆ ಕಡಲಿನ ಮೈ ಇರಬೇಕಾದಷ್ಟು ತರಿತರಿಯಾಗಿಲ್ಲ, ನುಣುಪಾಗಿದೆ. ಆ ಜಾಗಗಳು ಸೂಕ್ಷ್ಮಪ್ಲಾಸ್ಟಿಕ್ ಹೆಚ್ಚಿರುವ ಜಾಗಗಳೊಂದಿಗೆ ಹೊಂದುತ್ತವೆ ಎಂದು ಮಿಷಿಗನ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2021ರಲ್ಲಿ ಹೇಳಿದರು. ಪ್ಲಾಸ್ಟಿಕ್ ಚೂರುಗಳು ಅಲೆಯನ್ನು ತಗ್ಗಿಸುತ್ತಿವೆ ಎಂಬ ಸುದ್ದಿ ಲೋಕವೆಲ್ಲ ಹಬ್ಬಿತು. ಮುಂದೆ ಅದೇ ವಿಶ್ವವಿದ್ಯಾಲಯದವರು ಅಲೆತೊಟ್ಟಿಯಲ್ಲಿ ಪರೀಕ್ಷಿಸಿದಾಗ ಅಲೆ ತಗ್ಗಿಸುವ ಮುಖ್ಯ ಕಾರಣ ಚೂರುಗಳಲ್ಲ, ಅವುಗಳ ಜೊತೆಗೇ ಪ್ರವಾಹದಲ್ಲಿ ಸಾಗಿಬರುವ ಜಿಡ್ಡಿನಂಥ, ಸೋಪಿನಂಥ ಪದಾರ್ಥಗಳು ಎಂದು ತಿಳಿಯಿತು. ನಮ್ಮ ತಾರ್ಕಿಕರು ಇಂಥದ್ದನ್ನು ಅನ್ಯಥಾಸಿದ್ಧ ಎಂದು ಕರೆದು, ಕುಂಬಾರನ ಕತ್ತೆಯನ್ನು ಉದಾಹರಿಸುತ್ತಿದ್ದರು. ಮಡಕೆ ಆಗುವ ಕಡೆಯೆಲ್ಲ ಮಣ್ಣು ಹೊತ್ತ ಕತ್ತೆ ಇರಬಹುದು, ಆದರೆ ಮಡಕೆ ಮಾಡಿದ್ದು ಕತ್ತೆಯಲ್ಲ. ಗಮನಿಸಬೇಕಾದದ್ದೆಂದರೆ ಕತ್ತೆ ನಿರುಪಯೋಗಿಯೇನಲ್ಲ. ಜಿಡ್ಡೂ ಚೂರೂ ಒಟ್ಟಿಗೆ ಸಾಗುವುದಾದರೆ ನುಣುಪು ಈಗಲೂ ಸುಳಿವೇ. ತನ್ನ ತಪ್ಪನ್ನು ತಾನೇ ಹುಡುಕಿಕೊಂಡ ಜ್ಞಾನವನ್ನು ತಪ್ಪೇ ಮಾಡದ ಜ್ಞಾನಕ್ಕಿಂತ ಹೆಚ್ಚು ನಂಬಬೇಕು ಎಂಬುದು ನನ್ನ ಪಕ್ಷ.

ಇದಕ್ಕಿಂತ ದೊಡ್ಡ ಅಪಾಯ ಕಾಣದಿರುವುದರಲ್ಲಿದೆ. ಹವಾಯಿ ಮತ್ತು ಕ್ಯಾಲಿಫೋರ್ನಿಯಾ ನಡುವಿನ ಪೆಸಿಫಿಕ್ ಕಸದ ವಲಯ ಒಂದು ದ್ವೀಪದಂತೆ ತೇಲುತ್ತಿದೆ ಎಂದು ಬಹಳ ಜನ ನಂಬಿದ್ದಾರೆ. 2018ರ ಅಧ್ಯಯನವೊಂದರ ಅಂದಾಜಿನಂತೆ ಅದರ ವಿಸ್ತಾರ 16 ಲಕ್ಷ ಚದರ ಕಿಲೋಮೀಟರ್, ಅಲ್ಲಿಯ ಪ್ಲಾಸ್ಟಿಕ್ 79 ಸಾವಿರ ಟನ್. ಭಾಗಿಸಿ ನೋಡಿದರೆ ಚದರ ಕಿಲೋಮೀಟರಿಗೆ ಐವತ್ತು ಕಿಲೋ ಕೂಡ ಬರುವುದಿಲ್ಲ. ಉಪಗ್ರಹದ ಹತ್ತು ಮೀಟರ್ ಚೌಕವೊಂದರಲ್ಲಿ ಸರಾಸರಿ ಐದು ಗ್ರಾಂ. ಲೋಕದ ಅತಿ ಕುಖ್ಯಾತ ಕಸದ ರಾಶಿ ಉಪಗ್ರಹಕ್ಕೆ ಶುದ್ಧ ನೀಲಿ ನೀರು. 2025ರ ಮೇ 25ರಂದು ಕೊಚ್ಚಿಯ ಆಚೆ ಮುಳುಗಿದ ಎಂಎಸ್‌ಸಿ ಎಲ್ಸಾ-3 ಹಡಗಿನಿಂದ ತಿರುವನಂತಪುರದ ದಂಡೆಗೆ ಬಂದು ಬಿದ್ದ ಪ್ಲಾಸ್ಟಿಕ್ ಗುಳಿಗೆಗಳು ಕೆಲವೇ ಮಿಲಿಮೀಟರ್ ಗಾತ್ರದವು. ಅವು ಕಂಡದ್ದು ಬಗ್ಗಿ ಹೆಕ್ಕಿದವರಿಗೆ. ನಮ್ಮ ಕರಾವಳಿಯ ಕಷ್ಟ ಇನ್ನೂ ವಿಚಿತ್ರ. ನೇತ್ರಾವತಿಯೂ ಶರಾವತಿಯೂ ಕಾಳಿಯೂ ತುಂಬಿ ಹರಿದು ಊರುಗಳ ಕಸವನ್ನು ಕಡಲಿಗೆ ಒಯ್ಯುವುದು ಮುಂಗಾರಿನಲ್ಲಿ. ಆ ನಾಲ್ಕು ತಿಂಗಳೇ ಆಕಾಶವನ್ನು ಮೋಡ ಮುಚ್ಚಿರುವುದು. ಮೋಡವನ್ನು ಭೇದಿಸುವ ರೇಡಾರಿಗೆ ಪ್ಲಾಸ್ಟಿಕ್ ಚೆನ್ನಾಗಿ ಕಾಣದು. ಕಸ ಹೆಚ್ಚಿದಷ್ಟೂ ಕಣ್ಣು ಕುರುಡು. ಹಾಗಾದರೆ ಚಿತ್ರದಲ್ಲಿ ಕಸವಿಲ್ಲ ಎಂಬುದರಿಂದ ಕಡಲಿನಲ್ಲಿ ಕಸವಿಲ್ಲ ಎಂದು ತಿಳಿಯಬಹುದೆ? ಕುಮಾರಿಲಭಟ್ಟನ ಮೀಮಾಂಸಕ ಪರಂಪರೆಯೂ ಅದ್ವೈತಿಗಳೂ ಅಭಾವವನ್ನು ತಿಳಿಯಲು ಅನುಪಲಬ್ಧಿ ಎಂಬ ಬೇರೆಯೇ ಪ್ರಮಾಣವನ್ನು ಒಪ್ಪಿದವರು, ಅದಕ್ಕೊಂದು ಷರತ್ತನ್ನೂ ಹಾಕಿದವರು. ವಸ್ತು ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎನ್ನುವ ಯೋಗ್ಯತೆ ಇದ್ದಾಗ ಮಾತ್ರ ಕಾಣದಿರುವುದು ಇಲ್ಲದಿರುವುದಕ್ಕೆ ಪ್ರಮಾಣ. ಕತ್ತಲೆಯಲ್ಲಿ ಕೊಡ ಕಾಣಲಿಲ್ಲವೆಂದು ಕೊಡವಿಲ್ಲ ಎನ್ನುವಂತಿಲ್ಲ. ನಾಳೆ ಯಾವುದೋ ಇಲಾಖೆಯೋ ಕಾರ್ಖಾನೆಯೋ ನಿರ್ಮಲ ನೀಲಿಯ ಚಿತ್ರವೊಂದನ್ನು ಮುಂದೆ ಹಿಡಿದು ನಮ್ಮ ಕಡಲು ಸ್ವಚ್ಛ ಎಂದರೆ, ಸಾವಿರ ವರ್ಷಕ್ಕೂ ಹಳೆಯ ಈ ಷರತ್ತೇ ಸಾಕಾದ ಉತ್ತರ.

ಇಲ್ಲಿ ಸಂಶಯವಾದಿ ಎದ್ದು ನಿಲ್ಲುತ್ತಾನೆ. ಕಂಡದ್ದು ಬರೀ ಅನುಮಾನ, ಕಾಣದ್ದಕ್ಕೆ ಅರ್ಥವಿಲ್ಲ. ಇಂಥ ಅರೆಬರೆ ಜ್ಞಾನದಿಂದ ಯಾರ ಮೇಲೆ ಯಾವ ಕರ್ತವ್ಯ ಹೊರಿಸುತ್ತೀರಿ? ಸಾಲು ಕಂಡಿತು, ಸರಿ. ಅದರಲ್ಲಿ ಯಾರ ಹೆಸರು ಬರೆದಿದೆ? ಆಕ್ಷೇಪದ ಮೊದಲರ್ಧ ನಿಲ್ಲುವುದಿಲ್ಲ. ವೈದ್ಯನೂ ನ್ಯಾಯಾಧೀಶನೂ ದಿನವಿಡೀ ಅನುಮಾನದ ಮೇಲೆಯೇ ನಡೆಯುತ್ತಾರೆ, ಕರ್ತವ್ಯ ಎಂದೂ ಪ್ರತ್ಯಕ್ಷಕ್ಕಾಗಿ ಕಾದಿಲ್ಲ. ಎರಡನೆಯ ಅರ್ಧ ಗಂಭೀರವಾದದ್ದು. ದಂಡನೆಗೆ ಕರ್ತೃ ಬೇಕು. ಕರ್ತೃ ಸಿಗುವ ಕಡೆ ದೂರದ ಕಣ್ಣೂ ಹತ್ತಿರದ ಪಾಶವೂ ಕೂಡಿ ಕೆಲಸ ಮಾಡಬಲ್ಲವು. ಹಡಗುಗಳು ಕದ್ದು ಸುರಿಯುವ ಎಣ್ಣೆಯ ಕಲೆಯನ್ನು ಹಿಡಿಯಲು ಯುರೋಪಿನಲ್ಲಿ 2007ರಿಂದ ರೇಡಾರ್ ಉಪಗ್ರಹಗಳ ವ್ಯವಸ್ಥೆಯಿದೆ. ಕಲೆ ಕಂಡರೆ ಆ ಕರಾವಳಿಯ ದೇಶಕ್ಕೆ ಬೇಗನೆ ಸೂಚನೆ ಹೋಗುತ್ತದೆ, ಹತ್ತಿರದ ಹಡಗಿನ ಗುರುತೂ ಸಿಗಬಹುದು. 2021ರ ಮೇ ತಿಂಗಳಲ್ಲಿ ಕೊಲಂಬೊದ ಆಚೆ ಹೊತ್ತಿ ಉರಿದು ಜೂನ್‌ನಲ್ಲಿ ಮುಳುಗಿದ ಎಕ್ಸ್-ಪ್ರೆಸ್ ಪರ್ಲ್ ಹಡಗಿನಿಂದ ಸುಮಾರು 1,680 ಟನ್ ಪ್ಲಾಸ್ಟಿಕ್ ಗುಳಿಗೆ ಸಮುದ್ರದ ಪಾಲಾಯಿತು. ಶ್ರೀಲಂಕಾದ ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ 100 ಕೋಟಿ ಡಾಲರ್ ಪರಿಹಾರಕ್ಕೆ ಆದೇಶಿಸಿತು. ಗ್ವಾಟೆಮಾಲಾದ ಮೊಟಾಗ್ವಾ ನದಿ ಕಕ್ಕಿದ ಕಸ ಹೊಂಡುರಾಸಿನ ದಂಡೆಗೂ ದ್ವೀಪಗಳಿಗೂ ಹೋಗುವ ದಾರಿಯನ್ನು ಉಪಗ್ರಹಚಿತ್ರಗಳು ತೋರಿಸಿವೆ. ಆದರೆ ಇವು ಬಿಡಿ ಪ್ರಕರಣಗಳು. ಮೆಡಿಟರೇನಿಯನ್ನಿನ ಆ ಸಾವಿರಾರು ಸಾಲುಗಳಲ್ಲಿ ಯಾವುದೋ ಊರಿನ ಹಾಲಿನ ಪೊಟ್ಟಣ, ಇನ್ನಾವುದೋ ದೋಣಿಯ ಬಲೆ, ಎಂದೋ ಯಾರೋ ಕುಡಿದೆಸೆದ ಬಾಟಲಿ ಎಲ್ಲ ಹೆಣೆದುಕೊಂಡಿವೆ. ವರುಣನ ಚಾರರಿಗೆ ಪಾಪಿಯ ಹೆಸರು ಗೊತ್ತಿತ್ತು, ನಮ್ಮ ಚಾರರಿಗೆ ಪಾಪ ಮಾತ್ರ ಗೊತ್ತು. ಹೆಸರಿಲ್ಲದ ತಪ್ಪು ಯಾರನ್ನೂ ಕಟ್ಟದೆಂದು ಹೇಳಿ ಇಲ್ಲಿಗೇ ಮುಗಿಸಬಹುದಿತ್ತು. ನಮ್ಮ ಧರ್ಮಚಿಂತನೆ ದಂಡವೊಂದನ್ನೇ ಬಲ್ಲದ್ದಾಗಿದ್ದರೆ ಹಾಗೆಯೇ ಮುಗಿಯುತ್ತಿತ್ತು.

ಧರ್ಮಶಾಸ್ತ್ರದಲ್ಲಿ ಪಂಚಸೂನಾ ಎಂಬ ವಿಚಾರವಿದೆ. ಮನುಸ್ಮೃತಿಯ ಮೂರನೆಯ ಅಧ್ಯಾಯದಲ್ಲಿ ಅದು ಬರುತ್ತದೆ. ಪ್ರತಿ ಗೃಹಸ್ಥನ ಮನೆಯಲ್ಲೂ ಐದು ವಧಾಸ್ಥಾನಗಳಿವೆ: ಒಲೆ, ಬೀಸುಕಲ್ಲು, ಪೊರಕೆ, ಒರಳು, ನೀರಿನ ಕೊಡ. ಇವುಗಳ ಬಳಕೆಯಲ್ಲಿ ಕಣ್ಣಿಗೆ ಬೀಳದ ಜೀವಿಗಳು ಸಾಯುತ್ತವೆ. ಅದಕ್ಕಾಗಿ ಗೃಹಸ್ಥ ದಿನವೂ ಐದು ಯಜ್ಞಗಳನ್ನು ಮಾಡಬೇಕು. ಅವುಗಳಲ್ಲಿ ಒಂದು ಇತರ ಜೀವಿಗಳಿಗೆ ಅನ್ನವಿಡುವುದು, ಇನ್ನೊಂದು ಮನೆಗೆ ಬಂದ ಮನುಷ್ಯನನ್ನು ಸತ್ಕರಿಸುವುದು. ಇದರ ತರ್ಕ ಎಷ್ಟು ಅಸಾಧಾರಣವೆಂದು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಇಲ್ಲಿ ದೂರು ಕೊಟ್ಟವರಿಲ್ಲ. ಸತ್ತವರ ಲೆಕ್ಕವಿಲ್ಲ. ಕೊಲ್ಲುವ ಉದ್ದೇಶವಂತೂ ಇರಲೇ ಇಲ್ಲ. ಬೀಸುಕಲ್ಲಿನಡಿ ಅರೆದುಹೋದ ಹುಳುವನ್ನು ಯಾರೂ ಕಂಡಿಲ್ಲ. ಒಲೆ ಉರಿಯುತ್ತಿದೆ, ಕಲ್ಲು ತಿರುಗುತ್ತಿದೆ, ಆದ್ದರಿಂದ ಸತ್ತಿರಲೇಬೇಕು ಎಂಬ ಅನುಮಾನವಷ್ಟೇ ಇದೆ. ಆ ಅನುಮಾನವೇ ಒಂದು ನಿತ್ಯಕರ್ತವ್ಯವನ್ನು ಹುಟ್ಟಿಸಲು ಸಾಕಾಯಿತು. ಸಂಸಾರ ಹೂಡಿದವನೆಂಬ ಒಂದೇ ಕಾರಣಕ್ಕೆ ಸಾಲ ಅವನ ಹೆಸರಿಗೆ ಬೀಳುತ್ತದೆ, ಸಂಸಾರ ನಡೆಯುವವರೆಗೂ ಅದು ತೀರುವುದಿಲ್ಲ. ಪ್ಲಾಸ್ಟಿಕ್ಕಿನ ಕಸಕ್ಕೆ ಇಷ್ಟು ಕರಾರುವಾಕ್ಕಾಗಿ ಹೊಂದುವ ನೀತಿವಿಚಾರ ಬೇರೊಂದು ನನಗೆ ತಿಳಿದಿಲ್ಲ. ಉಪಗ್ರಹ ತೋರಿಸುವ ಸಾಲು ಅಪರಾಧಿಯ ಬೆರಳಚ್ಚಲ್ಲ, ನಮ್ಮೆಲ್ಲರ ಒಲೆಗಳ ಸೂನಾ. ಈ ಜ್ಞಾನ ಕಟ್ಟುತ್ತದೆ. ಪಾಶದಂತೆ ಒಬ್ಬನ ಕುತ್ತಿಗೆಗೆ ಬೀಳುವುದರ ಬದಲು ಋಣದಂತೆ ಎಲ್ಲರನ್ನೂ ಹಿಡಿಯುತ್ತದೆ.

ಮನುವಿನ ಹೆಸರೆತ್ತಿದರೆ ಹುಬ್ಬೇರುತ್ತದೆ, ಏರಬೇಕಾದದ್ದೇ. ಆ ಐದರಲ್ಲಿ ಪೊರಕೆಯೂ ಒಂದು ಎಂಬುದನ್ನು ಮರೆಯುವಂತಿಲ್ಲ. ಮನೆಯೊಳಗಿನ ಪುಟ್ಟ ಜೀವಿಗೆ ಇಷ್ಟು ಮರುಗಿದ ಅದೇ ಶಾಸ್ತ್ರ ಮನುಷ್ಯರನ್ನು ಊರಾಚೆಗಿಟ್ಟಿತು, ಅದನ್ನು ಒಪ್ಪಿದ ಸಮಾಜ ತನ್ನ ಹೊಲಸನ್ನೆಲ್ಲ ಹೊರುವ ಕೆಲಸವನ್ನು ಅವರ ತಲೆಗೆ ಕಟ್ಟಿತು. ಮಡಿಯ ವ್ಯವಸ್ಥೆ ಪೂರ್ತಿ ನಿಂತಿದ್ದದ್ದು ಆಚೆಗೊಂದು ಜಾಗವಿದೆ ಎಂಬ ನಂಬಿಕೆಯ ಮೇಲೆ: ಹೊಸ್ತಿಲಾಚೆ ತಳ್ಳಿದರೆ ಮನೆ ಶುದ್ಧ, ಊರಾಚೆ ತಳ್ಳಿದರೆ ಊರು ಶುದ್ಧ. ಇಂದೂ ನಗರಗಳಲ್ಲಿ ಕಸ ಬೇರ್ಪಡಿಸುವ ಕೈಗಳು ಬಹುಮಟ್ಟಿಗೆ ಯಾವ ಜಾತಿಯವು ಎಂದು ಎಲ್ಲರಿಗೂ ಗೊತ್ತು. ಆದ್ದರಿಂದ ಪಂಚಸೂನಾವನ್ನು ಎತ್ತಿಕೊಳ್ಳುವವರು ಅದರ ಗೋಡೆಯನ್ನು ಕೆಡವಿಯೇ ಎತ್ತಿಕೊಳ್ಳಬೇಕು. ಹಾಗೆ ಕೆಡವಲು ದೂರಸಂವೇದಿ ಚಿತ್ರಕ್ಕಿಂತ ಬಲವಾದ ಸಾಧನ ಸಿಗಲಾರದು. ಆಚೆಗೆ ತಳ್ಳಿದ್ದು ಎಲ್ಲಿ ಸಾಲುಗಟ್ಟಿ ನಿಂತಿದೆ ಎಂದು ಅದು ತೋರಿಸುತ್ತದೆ. ಹರಿಯುವ ನೀರು ತಾನೇ ಶುದ್ಧಿಮಾಡಿಕೊಳ್ಳುತ್ತದೆ, ಸಮುದ್ರ ಎಲ್ಲವನ್ನೂ ನುಂಗಿ ಪವಿತ್ರವಾಗಿಯೇ ಉಳಿಯುತ್ತದೆ ಎಂಬ ಭಕ್ತಿಯ ವಾದಕ್ಕೆ ಹೆಚ್ಚು ಸಮಯ ಕೊಡಬೇಕಿಲ್ಲ. ನೀರಿನಲ್ಲಿ ಮಲಮೂತ್ರ ಮಾಡಬಾರದು, ಉಗುಳಬಾರದು ಎಂದು ವಿಧಿಸಿದವರೂ ಅದೇ ನೀರನ್ನು ದೇವತೆಯೆಂದು ನಂಬಿದವರೇ.

ಇನ್ನೊಂದು ಆಕ್ಷೇಪ ಎಡಗಡೆಯಿಂದ ಬರುತ್ತದೆ, ಅದರಲ್ಲಿ ಹುರುಳಿದೆ. ಎಲ್ಲರೂ ಋಣಿಗಳು ಎಂದರೆ ಯಾರೂ ಋಣಿಯಲ್ಲ ಎಂದಂತೆ. ಲಕ್ಷಾಂತರ ಟನ್ ಪ್ಲಾಸ್ಟಿಕ್ ಸುರಿಯುವ ಉದ್ಯಮವನ್ನು ಬಿಟ್ಟು ಶಾಂಪೂ ಪೊಟ್ಟಣ ಕೊಂಡ ಕೂಲಿಯಾಳಿಗೆ ಪ್ರಾಯಶ್ಚಿತ್ತ ಹೇಳುವುದು ಯಾವ ಧರ್ಮ? ಉತ್ತರ ಪಂಚಸೂನಾದ ಒಳಗೇ ಇದೆ. ಋಣ ಬರುವುದು ಒಲೆಯಿಂದ. ಒಲೆ ದೊಡ್ಡದಾದಷ್ಟು ಸೂನಾವೂ ದೊಡ್ಡದು. ಇದು ಶಾಸ್ತ್ರದ ವಾಕ್ಯವಲ್ಲ, ಅದರ ತರ್ಕದಿಂದ ನಾನು ತೆಗೆಯುತ್ತಿರುವ ನಿರ್ಣಯ. ತಯಾರಕ, ಆಮದುದಾರ, ಬ್ರ್ಯಾಂಡ್ ಮಾಲೀಕ ತಾವು ಮಾರುಕಟ್ಟೆಗೆ ಬಿಟ್ಟ ಪ್ಲಾಸ್ಟಿಕ್ಕಿಗೆ ತಾವೇ ಹೊಣೆ ಎಂದು ಹೇಳುವ ಭಾರತದ 2016ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮಗಳೂ ಅವಕ್ಕೆ 2022ರಲ್ಲಿ ಸೇರಿದ ಮಾರ್ಗಸೂಚಿಯೂ ನಡೆಯುವುದು ಇದೇ ಹಾದಿಯಲ್ಲಿ. ಇವು ಯಾವ ಬಾಟಲಿ ಯಾರದೆಂದು ಕೇಳುವುದಿಲ್ಲ, ಎಷ್ಟು ಬಿಟ್ಟೆ ಎಂದು ಕೇಳುತ್ತವೆ. ನಿತ್ಯಯಜ್ಞ ಮುಗಿಸಿ ನಿಶ್ಚಿಂತೆಯಿಂದ ಬೀಸುಕಲ್ಲು ತಿರುಗಿಸುತ್ತ ಕೂರುವುದೂ ಹಿಂದೆಯೇ ಇದ್ದ ರೋಗ. ಅದರ ಈಗಿನ ರೂಪ ದಂಡೆಯಲ್ಲಿ ಪೊರಕೆ ಹಿಡಿದು ತೆಗೆಸಿಕೊಂಡ ಫೋಟೋ ಮತ್ತು ಕಾಗದದ ಮೇಲಿನ ಮರುಬಳಕೆ ಪ್ರಮಾಣಪತ್ರ. ಉಪಗ್ರಹಕ್ಕೆ ತಕ್ಕ ಕೆಲಸವಿರುವುದು ಇಲ್ಲಿ. ಪಾಪಿಯನ್ನು ಹಿಡಿಯಲು ಅದಕ್ಕೆ ಬಾರದು, ಪ್ರಾಯಶ್ಚಿತ್ತ ನಿಜವೇ ಎಂದು ಪರೀಕ್ಷಿಸಲು ಬರುತ್ತದೆ. ಒಂದು ನದೀಮುಖದ ಮೇಲೆ ವರ್ಷಗಟ್ಟಲೆ ಚಿತ್ರ ಸೇರಿಸುತ್ತ ಹೋದರೆ, ಎಲ್ಲಿ ಯೋಗ್ಯತೆಯಿದೆಯೋ ಅಲ್ಲಿ, ಮೋಡ ಸರಿದ ತಿಂಗಳುಗಳಲ್ಲಿ, ಸಾಲುಗಳು ಕಡಿಮೆಯಾದವೋ ಇಲ್ಲವೋ ಎಂದು ತಿಳಿಯುತ್ತದೆ. ಯಾವ ಪ್ರಮಾಣಪತ್ರಕ್ಕೂ ಆ ಸಾಮರ್ಥ್ಯವಿಲ್ಲ.

ಲೋಕಮಟ್ಟದ ಪಾಶ ಸದ್ಯಕ್ಕೆ ಸಿದ್ಧವಾಗುವ ಲಕ್ಷಣವಿಲ್ಲ. 2022ರಲ್ಲಿ ನೈರೋಬಿಯಲ್ಲಿ ಒಪ್ಪಿ ಹೊರಟ ಪ್ಲಾಸ್ಟಿಕ್ ಒಪ್ಪಂದದ ಮಾತುಕತೆ ಬುಸಾನಿನಲ್ಲೂ, 2025ರ ಆಗಸ್ಟಿನಲ್ಲಿ ಜಿನೀವಾದಲ್ಲೂ ಫಲ ಕೊಡದೆ ಮುಗಿಯಿತು. ಅದಕ್ಕಾಗಿ ಕಾಯದೆ ಮಾಡಬಹುದಾದ ಕೆಲಸವೊಂದಿದೆ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಉಪಗ್ರಹದ ಮಾಹಿತಿಯಿಂದ ಮೀನು ಸೇರುವ ಜಾಗಗಳನ್ನು ಅಂದಾಜಿಸಿ ಕರ್ನಾಟಕದ ಬಂದರುಗಳೂ ಸೇರಿದಂತೆ ದೇಶದ ಮೀನುಗಾರರಿಗೆ ತಿಳಿಸುತ್ತ ಬಂದಿದೆ. ನೀರಿನ ಪ್ರವಾಹಗಳು ಕೂಡುವ ಅಂಥ ಅಂಚುಗಳಲ್ಲೇ ಕಸವೂ ಕೂಡುತ್ತದೆ. ಬಲೆಗೆ ಬಂದ ಪ್ಲಾಸ್ಟಿಕ್ಕನ್ನು ಕಡಲಿಗೆ ಮರಳಿ ಎಸೆಯದೆ ದಡಕ್ಕೆ ತರುವ ಪ್ರಯೋಗವನ್ನು ಕೇರಳದ ಕೊಲ್ಲಂನಲ್ಲಿ ಮೀನುಗಾರರು 2017ರಿಂದ ಮಾಡಿ ತೋರಿಸಿದ್ದಾರೆ. ಮಲ್ಪೆಯಲ್ಲೂ ಮಂಗಳೂರಿನಲ್ಲೂ ಕಾರವಾರದಲ್ಲೂ ಮೀನಿನ ಸುಳಿವಿನ ಜೊತೆಗೆ ಕಸದ ಸುಳಿವೂ ಬರಲಿ. ದಡಕ್ಕೆ ಬಂದ ಕಸವನ್ನು ಬಂದರಿನಲ್ಲೇ ತೂಗಲಿ. ತಂದವರ ಕೂಲಿಯೂ ಡೀಸೆಲ್ಲಿನ ಖರ್ಚೂ ಪ್ಲಾಸ್ಟಿಕ್ ತಯಾರಕರ ಖಾತೆಯಿಂದ ಸಂದಾಯವಾಗಲಿ. ಮೀನುಗಾರರ ಕೈಯಿಂದ ಪುಕ್ಕಟೆಯಾಗಿ ಮಾಡಿಸಿದರೆ ಅದು ಹಳೆಯ ಪೊರಕೆಯನ್ನೇ ಹೊಸ ಕೈಗೆ ಕೊಟ್ಟಂತೆ. ಕರಾವಳಿಯ ಶಾಸಕರೂ ಮೀನುಗಾರರ ಸಹಕಾರ ಸಂಘಗಳೂ ಮುಂದಿನ ಮಳೆಗಾಲದ ಮೊದಲು ಈ ಬೇಡಿಕೆಯನ್ನು ಸರ್ಕಾರದ ಮುಂದಿಡಬೇಕು.